ಉಪಕರಣವೂ ಅಂತಃಕರಣವೂ

ಕರಣವೆಂಬ ಪದಕ್ಕೆ ಸಾಧನವೆಂದು ಅರ್ಥ. ಕಣ್ಣು, ಕಿವಿ, ಕೈ, ಕಾಲುಗಳು ನಮ್ಮ ಬಹಿಃಕರಣಗಳು. ಮನಸ್ಸು, ಬುದ್ಧಿ, ಚಿತ್ತ, ಅಹಂಕಾರಗಳು ಅಂತಃಕರಣಗಳು. ಕೈಗೆ ನೆರವಾಗಿ ನಿಲ್ಲುವ ಸುತ್ತಿಗೆ, ಉಳಿ, ಇಕ್ಕಳಗಳು ಉಪಕರಣಗಳು. ಶಾಸ್ತ್ರದ ಈ ವಿಭಾಗವು ವಾಚಕರಿಗೆ ಪರಿಚಿತವೇ ಆಗಿದೆ. ಆದರೆ ಕನ್ನಡ ಜನರ ನಾಲಗೆಯ ಮೇಲೆ ಅಂತಃಕರಣಕ್ಕೆ ಇನ್ನೊಂದು ಅರ್ಥವೂ ಉಂಟು. ಪರರ ನೋವಿಗೆ ಮಿಡಿಯುವ ಮರುಕವನ್ನೇ ನಮ್ಮ ಜನ ಅಂತಃಕರಣವೆಂದು ಕರೆಯುತ್ತಾರೆ. 'ಅವನಿಗೆ ಅಂತಃಕರಣವೇ ಇಲ್ಲ' ಎಂದರೆ ಅವನಿಗೆ ಬುದ್ಧಿಯಿಲ್ಲವೆಂದಲ್ಲ, ಕರುಣೆಯಿಲ್ಲವೆಂದು ತಾತ್ಪರ್ಯ. ಹೀಗಿರುವಾಗ ಒಂದು ಪ್ರಶ್ನೆ ಏಳುತ್ತದೆ. ಉಪಕರಣಗಳನ್ನು ಒಪ್ಪವಾಗಿ ಇಟ್ಟುಕೊಳ್ಳುವುದಕ್ಕೂ ಈ ಅಂತಃಕರಣಕ್ಕೂ ಏನಾದರೂ ಸಂಬಂಧವಿದೆಯೇ? ಒಬ್ಬ ಮೆಕ್ಯಾನಿಕ್ಕನ ಪೆಟ್ಟಿಗೆಯಲ್ಲಿ ಸ್ಪ್ಯಾನರುಗಳು ಸಾಲಾಗಿ ಇರುವುದು ಬರಿಯ ಅಚ್ಚುಕಟ್ಟೋ, ಅಥವಾ ಅದೊಂದು ಧರ್ಮವೋ? ಪ್ರಶ್ನೆಯು ಕ್ಷುಲ್ಲಕವೆಂದು ವಾಚಕರು ಬದಿಗೆ ಸರಿಸಬಾರದು. ಕಾಯಕವನ್ನು ಪೂಜೆಗಿಂತ ಕಡಿಮೆಯೆಂದು ಎಣಿಸದ ಶರಣರ ನಾಡಿನಲ್ಲಿ ಈ ಪ್ರಶ್ನೆ ಏಳದಿದ್ದರೆ ಮತ್ತೆಲ್ಲಿ ಏಳಬೇಕು?

ಶ್ರೀರಂಗಪಟ್ಟಣದಿಂದ ಹೊರಟು ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲಗಳನ್ನು ಸುತ್ತಿ ಬಂದವರು ಒಂದು ಸಂಗತಿಯನ್ನು ಗಮನಿಸಿಯೇ ಇರುತ್ತಾರೆ. ದಾರಿಯುದ್ದಕ್ಕೂ ತಗಡಿನ ಮಾಡಿನ ಕೆಳಗೆ, ಎಣ್ಣೆ ಕುಡಿದು ಕಪ್ಪಾದ ನೆಲದ ಮೇಲೆ, ಬಿಚ್ಚಿಟ್ಟ ಟ್ರ್ಯಾಕ್ಟರು, ಸುತ್ತು ಕಟ್ಟುತ್ತಿರುವ ಪಂಪಿನ ಮೋಟಾರು, ಚಕ್ರ ಕಳಚಿದ ಟ್ರೈಲರುಗಳು ಕಾಣುತ್ತವೆ. ಇದಕ್ಕೊಂದು ಕಾರಣವಿದೆ. ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿಯ ಕಟ್ಟೆಯ ಕೆಲಸ 1911ರಲ್ಲಿ ಮೊದಲಾಯಿತು. ಕಟ್ಟೆಯ ನೀರು ನಾಲೆಗಳಲ್ಲಿ ಹರಿದು ಬಂದಲ್ಲಿ ಕಬ್ಬು ಬಂದಿತು. 1933ರಲ್ಲಿ ಮಂಡ್ಯದ ಮೈಸೂರು ಸಕ್ಕರೆ ಕಂಪನಿಯೂ, 1950ರ ದಶಕದಲ್ಲಿ ಪಾಂಡವಪುರದ ಸಹಕಾರಿ ಸಕ್ಕರೆ ಕಾರ್ಖಾನೆಯೂ ಬಂದವು. ಊರೂರಿಗೆ ಆಲೆಮನೆಗಳು ಎದ್ದವು. ಹೇಮಾವತಿಯ ನಾಲೆ ಕೃಷ್ಣರಾಜಪೇಟೆಯ ಕಡೆಗೂ ಹಾಯಿತು. ನಾಲೆ ಮುಟ್ಟದ ನಾಗಮಂಗಲದ ಮೆಟ್ಟು ನೆಲದಲ್ಲಿ ಕೊಳವೆಬಾವಿಯೇ ರೈತನ ಆಧಾರವಾಯಿತು. ನೀರಿನ ಹಿಂದೆ ಬೆಳೆ, ಬೆಳೆಯ ಹಿಂದೆ ಯಂತ್ರ, ಯಂತ್ರದ ಹಿಂದೆ ಅದನ್ನು ರಿಪೇರಿ ಮಾಡುವವನು. ಹೀಗೆ ಬದುಕು ಒಂದಕ್ಕೊಂದು ಹೆಣೆದುಕೊಂಡಿತು. ಇಂದು ಈ ಸೀಮೆಯ ಒಂದು ಎಕರೆ ಬೆಳೆಯ ಅಳಿವು ಉಳಿವು ಒಂದು ನಟ್ಟಿನ ಮೇಲೆ ನಿಂತಿರುವುದುಂಟೆಂದರೆ ಅತಿಶಯೋಕ್ತಿಯಾಗಲಾರದು.

ಆಲೆಮನೆಯೊಂದನ್ನು ಮನಸ್ಸಿಗೆ ತಂದುಕೊಳ್ಳಿ. ನಡುರಾತ್ರಿಯ ಸಮಯ. ಗಾಣ ನಿಂತಿದೆ, ಬೇರಿಂಗಿನ ತಿರುಪು ಸಡಿಲವಾಗಿ ಅಚ್ಚು ಒಂದು ಕಡೆಗೆ ಸರಿದಿದೆ. ಕೊಪ್ಪರಿಗೆಯ ಬಳಿ ಹಿಂಡಿದ ಹಾಲು ಕಾದಿದೆ. ಕಬ್ಬಿನ ಹಾಲು ಹೆಚ್ಚು ಹೊತ್ತು ಕಾಯುವ ವಸ್ತುವಲ್ಲ. ಗಂಟೆಗಳು ಕಳೆದಂತೆ ಹುಳಿಯುತ್ತದೆ, ಬೆಲ್ಲ ಗಟ್ಟಿಯಾಗುವುದಿಲ್ಲ, ಬಣ್ಣ ಕೆಡುತ್ತದೆ. ಕಡಿದು ಹಾಕಿದ ಕಬ್ಬೂ ದಿನದಿನಕ್ಕೆ ಸಿಹಿ ಕಳೆದುಕೊಳ್ಳುತ್ತದೆ. ಕರೆ ಹೋಗಿ ಮೆಕ್ಯಾನಿಕ್ಕನು ಪೆಟ್ಟಿಗೆ ಹೊತ್ತು ಬರುತ್ತಾನೆ. ಒಬ್ಬರು ದೀಪ ಹಿಡಿಯುತ್ತಾರೆ. ಬೇಕಾದ ಸ್ಪ್ಯಾನರು ಅದರ ಸ್ಥಾನದಲ್ಲಿದ್ದರೆ ಅರ್ಧ ಗಂಟೆಯಲ್ಲಿ ಗಾಣ ತಿರುಗುತ್ತದೆ. ಅದು ನಿನ್ನೆ ಕೆಲಸ ಮಾಡಿದ ತೋಟದ ಬದುವಿನಲ್ಲಿ ಉಳಿದಿದ್ದರೆ, ಅಥವಾ ತುಕ್ಕು ಹಿಡಿದ ನೂರು ಬೋಲ್ಟುಗಳ ರಾಶಿಯ ಅಡಿಯಲ್ಲಿ ಹೂತಿದ್ದರೆ, ಹುಡುಕಾಟದಲ್ಲಿಯೇ ರಾತ್ರಿ ಸರಿಯುತ್ತದೆ. ಆ ವಿಳಂಬದ ಬೆಲೆಯನ್ನು ತೆರುವವರು ಯಾರು? ಮೆಕ್ಯಾನಿಕ್ಕನಿಗೆ ಅವನ ಕೂಲಿ ಸಲ್ಲುತ್ತದೆ. ಬೆಲೆ ತೆರುವವನು ವರ್ಷವಿಡೀ ಕಬ್ಬನ್ನು ಮಗುವಿನಂತೆ ಸಾಕಿದ ರೈತ; ಒಲೆಯ ಮುಂದೆ ಕುಳಿತು ಬೆಳಗಿನವರೆಗೆ ಕಾಯುವ ಕೂಲಿಯಾಳು. ಅವರು ಆ ಪೆಟ್ಟಿಗೆಯನ್ನು ಎಂದೂ ತೆರೆದು ನೋಡಿದವರಲ್ಲ. ಆದರೂ ಅದರೊಳಗಿನ ಅವ್ಯವಸ್ಥೆಯ ದಂಡವು ಅವರ ಮೇಲೆಯೇ ಬೀಳುತ್ತದೆ. ನಮ್ಮ ಪ್ರಶ್ನೆಗೆ ಉತ್ತರದ ಮೊದಲ ಎಳೆ ಇಲ್ಲಿದೆ. ನಮ್ಮ ಅವ್ಯವಸ್ಥೆಯ ಫಲವನ್ನು ಅನ್ಯರು ಉಣ್ಣುವಾಗ ಅದು ನಮ್ಮ ಸ್ವಂತ ವಿಷಯವಾಗಿ ಉಳಿಯುವುದಿಲ್ಲ.

ಹಾಗಾದರೆ ವ್ಯವಸ್ಥೆಯೆಂದರೇನು? ಅನುಭವಸ್ಥನಾದ ಮೆಕ್ಯಾನಿಕ್ಕನ ಪೆಟ್ಟಿಗೆಯನ್ನು ತೆರೆದು ನೋಡಿದರೆ ತಿಳಿಯುತ್ತದೆ. ಎರಡು ಬಾಯಿಯ ಸ್ಪ್ಯಾನರುಗಳ ಸಾಮಾನ್ಯ ಜೋಡಣೆಯಲ್ಲಿ ಹನ್ನೆರಡು ತುಂಡುಗಳಿರುತ್ತವೆ. 6-7ರ ಕಿರಿಯದರಿಂದ 30-32ರ ಹಿರಿಯದರವರೆಗೆ ಅವು ಒಂದರ ಪಕ್ಕದಲ್ಲೊಂದು ಮಲಗಿರುತ್ತವೆ. ಸಾಲಿನಲ್ಲಿ ಒಂದು ಇಲ್ಲವಾದರೆ ಬಾಯಿ ಬಿಟ್ಟು ಹೇಳುವಂತೆ ಅದರ ಜಾಗ ಬರಿದಾಗಿ ತೋರುತ್ತದೆ. ಭಾರವಾದ ಸುತ್ತಿಗೆ, ಬೇರಿಂಗು ಎಳೆಯುವ ಸಾಧನಗಳು ತಳದಲ್ಲಿ. ದಿನವೂ ಬೇಕಾಗುವ ಇಕ್ಕಳ, ಸ್ಕ್ರೂಡ್ರೈವರುಗಳು ಮೇಲಿನ ತಟ್ಟೆಯಲ್ಲಿ. ಅಳತೆಯ ಉಪಕರಣಗಳು, ಅಂದರೆ ವರ್ನಿಯರು ಮತ್ತು ಸಂದು ಅಳೆಯುವ ತೆಳು ಪಟ್ಟಿಗಳು, ಸುತ್ತಿಗೆಯ ನೆರೆಯಲ್ಲಿ ಇರುವುದಿಲ್ಲ. ಅವುಗಳಿಗೆ ಪ್ರತ್ಯೇಕವಾದ ಡಬ್ಬಿಯಿದೆ. ಅರಗಳನ್ನು ಒಂದರ ಮೇಲೊಂದು ಹೇರುವುದಿಲ್ಲ, ಬಟ್ಟೆಯಲ್ಲಿ ಬೇರೆ ಬೇರೆಯಾಗಿ ಸುತ್ತುತ್ತಾರೆ. ಏಕೆಂದರೆ ಉಕ್ಕನ್ನು ಸವೆಸುವ ಹಲ್ಲುಗಳು ಒಂದಕ್ಕೊಂದು ಉಜ್ಜಿದರೆ ತಮ್ಮನ್ನೇ ಸವೆಸಿಕೊಳ್ಳುತ್ತವೆ. ಉಳಿಯ ಅಲಗಿಗೆ ಮುಚ್ಚಳವಿರುತ್ತದೆ. ಅದು ಉಳಿಯ ರಕ್ಷಣೆಗೆ ಎಷ್ಟೋ ಕತ್ತಲಲ್ಲಿ ಪೆಟ್ಟಿಗೆಗೆ ಕೈ ಹಾಕುವವನ ಬೆರಳಿನ ರಕ್ಷಣೆಗೂ ಅಷ್ಟೇ. ಮಳೆಗಾಲಕ್ಕೆ ಮುನ್ನ ಎಲ್ಲಕ್ಕೂ ತೆಳುವಾಗಿ ಎಣ್ಣೆ ಒರೆಸುತ್ತಾರೆ. ಇದರಲ್ಲಿ ಅಲಂಕಾರವೆಂಬುದು ಎಲ್ಲಿಯೂ ಇಲ್ಲ. ಪ್ರತಿಯೊಂದು ಇರಿಸುವಿಕೆಗೂ ಒಂದು ಕಾರಣವಿದೆ. ಪ್ರತಿಯೊಂದು ಕಾರಣದ ಹಿಂದೆಯೂ ಎಂದೋ ಯಾರಿಗೋ ಆದ ಹಾನಿಯ ನೆನಪಿದೆ.

ಈ ವ್ಯವಸ್ಥೆಯಲ್ಲಿ ಅಡಗಿರುವ ವಿವೇಕವನ್ನು ಇನ್ನೂ ಸ್ವಲ್ಪ ಪರಾಮರ್ಶಿಸೋಣ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತನು 1841ರಲ್ಲಿ ತಿರುಪಿನ ಎಳೆಗಳಿಗೆಲ್ಲ ಒಂದೇ ಪ್ರಮಾಣವಿರಬೇಕೆಂದು ಸೂಚಿಸಿದನು. ಅಲ್ಲಿಯವರೆಗೆ ಒಬ್ಬ ಕುಶಲಕರ್ಮಿಯ ನಟ್ಟು ಇನ್ನೊಬ್ಬನ ಬೋಲ್ಟಿಗೆ ಕೂಡುತ್ತಿರಲಿಲ್ಲ. ಆ ಪ್ರಮಾಣವು ಅಂಗುಲದ ಲೆಕ್ಕದ್ದು. ನಮ್ಮ ದೇಶವು 1956ರ ಕಾಯಿದೆಯಿಂದ ಮೆಟ್ರಿಕ್ ಅಳತೆಯನ್ನು ಅಂಗೀಕರಿಸಿತು. ಆದರೆ ಹಳೆಯ ಎಂಜಿನ್ನುಗಳು ಕಾಯಿದೆ ಬಂದಿತೆಂದು ತಮ್ಮ ನಟ್ಟುಗಳನ್ನು ಬದಲಿಸಿಕೊಳ್ಳಲಿಲ್ಲ. ಆದ್ದರಿಂದ ಹಳ್ಳಿಯ ಮೆಕ್ಯಾನಿಕ್ಕನ ಪೆಟ್ಟಿಗೆಯಲ್ಲಿ ಎರಡು ಯುಗಗಳು ಜೊತೆಯಾಗಿ ವಾಸಿಸುತ್ತವೆ. ಮುಕ್ಕಾಲು ಅಂಗುಲದ ನಟ್ಟು 19.05 ಮಿಲಿಮೀಟರು, ಅದಕ್ಕೆ 19ರ ಸ್ಪ್ಯಾನರು ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ. ಆದರೆ ಅರ್ಧ ಅಂಗುಲದ ನಟ್ಟು 12.7 ಮಿಲಿಮೀಟರು. ಅದಕ್ಕೆ 13ರ ಸ್ಪ್ಯಾನರನ್ನು ತೊಡಿಸಿದರೆ ಹೊಂದಿದಂತೆಯೇ ಕಾಣುತ್ತದೆ. ನಡುವೆ ಉಳಿಯುವ ಸಂದು ಒಂದು ಮಿಲಿಮೀಟರಿನ ಹತ್ತರಲ್ಲಿ ಮೂರು ಭಾಗ ಮಾತ್ರ. ಬಲ ಹಾಕಿದಾಗ ಆ ಸಂದಿನಲ್ಲಿ ಸ್ಪ್ಯಾನರು ಜಾರುತ್ತದೆ, ನಟ್ಟಿನ ಆರು ಮೂಲೆಗಳು ಉರುಟಾಗುತ್ತವೆ. ಅನಂತರ ಸರಿಯಾದ ಸ್ಪ್ಯಾನರು ಬಂದರೂ ಅದಕ್ಕೆ ಹಿಡಿತ ಸಿಗುವುದಿಲ್ಲ. ಉಳಿ ಸುತ್ತಿಗೆಗಳಿಂದ ಒಡೆದು ತೆಗೆಯಬೇಕಾಗುತ್ತದೆ.

ವಾಚಕರೇ, ಪೂರ್ತಿ ತಪ್ಪಾದ ಸಾಧನವು ಅಪಾಯಕಾರಿಯಲ್ಲ. ಅದು ನಟ್ಟಿಗೆ ಕೂಡುವುದೇ ಇಲ್ಲ, ನಾವು ಅದನ್ನು ಕೆಳಗಿಡುತ್ತೇವೆ. ಅಪಾಯಕಾರಿಯಾದುದು ಬಹುಮಟ್ಟಿಗೆ ಸರಿಯೆನಿಸುವ ಸಾಧನ. ಜೀವನದಲ್ಲಿಯೂ ಹಾಗೆಯೇ. ಶುದ್ಧ ಸುಳ್ಳಿಗಿಂತ ಮುಕ್ಕಾಲು ನಿಜವೂ, ಕಡುವೈರಕ್ಕಿಂತ ಅರೆಮನಸ್ಸಿನ ಸ್ನೇಹವೂ ಮನುಷ್ಯನ ಮೂಲೆಗಳನ್ನು ಹೆಚ್ಚು ಸವೆಸುತ್ತವೆ. 'ಸದ್ಯಕ್ಕೆ ಇದೇ ಸಾಕು' ಎಂದು ಕೈಗೆ ಸಿಕ್ಕಿದ್ದನ್ನು ತೊಡಿಸುವ ಪ್ರಲೋಭನವು ಯಾರಿಗೆ ಬರುತ್ತದೆ? ಸರಿಯಾದುದು ಎಲ್ಲಿದೆಯೆಂದು ತಿಳಿಯದವನಿಗೆ. ಎರಡು ಅಳತೆಗಳನ್ನು ಎರಡು ತಟ್ಟೆಗಳಲ್ಲಿ ಬೇರ್ಪಡಿಸಿ ಇಡುವವನು ಈ ಪ್ರಲೋಭನವನ್ನು ಬರುವುದಕ್ಕೆ ಮುಂಚೆಯೇ ಗೆದ್ದಿರುತ್ತಾನೆ. ಸದಾಚಾರವೆಂದರೆ ಬಹುಪಾಲು ಇದೇ. ಪರೀಕ್ಷೆಯ ಗಳಿಗೆಯಲ್ಲಿ ತೋರುವ ಧೀರತೆಗಿಂತ, ಶಾಂತವಾದ ಗಳಿಗೆಯಲ್ಲಿ ಮಾಡಿಟ್ಟುಕೊಂಡ ಸಿದ್ಧತೆಯೇ ಮನುಷ್ಯನನ್ನು ಕಾಪಾಡುತ್ತದೆ.

ಇನ್ನು ಪೆಟ್ಟಿಗೆಯಲ್ಲಿ ಏನಿರಬೇಕೆಂಬುದಕ್ಕಿಂತ ಏನಿರಬಾರದೆಂಬುದು ಕಠಿಣವಾದ ಪ್ರಶ್ನೆ. ಬೆಂಗಳೂರು ಮೈಸೂರು ಹೆದ್ದಾರಿಯ ಬಿಡದಿಯಲ್ಲಿ 1999ರಿಂದ ಕಾರುಗಳನ್ನು ತಯಾರಿಸುತ್ತಿರುವ ಟೊಯೋಟಾ ಕಿರ್ಲೋಸ್ಕರ್‌ನಂಥ ಕಾರ್ಖಾನೆಗಳಲ್ಲಿ, ಜಪಾನಿನಿಂದ ಬಂದ ಐದು ಹೆಜ್ಜೆಗಳ ಒಂದು ಶಿಸ್ತನ್ನು ಕೆಲಸಗಾರರಿಗೆ ಕಲಿಸುತ್ತಾರೆ. ಜೋಡಿಸುವುದು, ಶುಚಿಮಾಡುವುದು, ನಿಯಮ ರೂಪಿಸುವುದು, ಅದನ್ನು ನಡೆಸಿಕೊಂಡು ಬರುವುದು ಇವೆಲ್ಲ ಎರಡನೆಯದರಿಂದ ಐದನೆಯವರೆಗಿನ ಹೆಜ್ಜೆಗಳು. ಮೊದಲನೆಯದು ಬೇಡದುದನ್ನು ಬೇರ್ಪಡಿಸಿ ತೆಗೆದುಹಾಕುವುದು. ಇದನ್ನು ಕೇಳಿದಾಗ ನಮಗೆ ಕಲ್ಯಾಣದ ಒಂದು ಬಡ ಮನೆಯ ನೆನಪಾಗುವುದು ಸಹಜ. ಆಯ್ದಕ್ಕಿಯ ಮಾರಯ್ಯನು ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅವನ ಮಡದಿ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಹಿಂದಿರುಗಿಸಿ ಬರುವಂತೆ ಹೇಳಿದಳೆಂಬ ಪ್ರಸಂಗವು ಲೋಕಪ್ರಸಿದ್ಧವಾಗಿದೆ. ಲಕ್ಕಮ್ಮನ ದೃಷ್ಟಿ ಎಷ್ಟು ಸೂಕ್ಷ್ಮವಾದುದು! ಅಗತ್ಯಕ್ಕೆ ಮೀರಿದುದು ಮನೆಯನ್ನು ತುಂಬುವುದಿಲ್ಲ, ಮನಸ್ಸನ್ನು ಮುಚ್ಚುತ್ತದೆ. ಮುಂದೆಂದಾದರೂ ಬೇಕಾದೀತೆಂದು ಕೂಡಿಟ್ಟ ಮುರುಕು ಸ್ಪ್ಯಾನರು, ಎಳೆ ಸವೆದ ಬೋಲ್ಟುಗಳೆಲ್ಲ ಬೇಕಾದ ಒಂದು ಉಪಕರಣವನ್ನು ಮರೆಮಾಡುವುದಕ್ಕಷ್ಟೇ ಉಪಯೋಗವಾಗುತ್ತವೆ. ಸಂಗ್ರಹಬುದ್ಧಿಗೂ ಸಿದ್ಧತೆಗೂ ಇರುವ ಭೇದವನ್ನು ಕಲಿಯಲು ಉಪಕರಣದ ಪೆಟ್ಟಿಗೆಗಿಂತ ಒಳ್ಳೆಯ ಪಾಠಶಾಲೆ ಇರಲಾರದು.

ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನಮ್ಮ ಊರುಗಳಲ್ಲಿ ಎಷ್ಟೋ ಮಂದಿ ಮಹಾ ನಿಪುಣರಾದ ಮೆಕ್ಯಾನಿಕ್ಕರ ಸಾಮಾನುಗಳು ಗೋಣಿಚೀಲದಲ್ಲಿ ಕಲಸಿಕೊಂಡು ಬಿದ್ದಿರುತ್ತವೆ. ಆದರೂ ಅವರು ಎಂಜಿನ್ನಿನ ಸದ್ದು ಕೇಳಿಯೇ ರೋಗವನ್ನು ಹೇಳಬಲ್ಲರು. ಚೀಲದೊಳಗೆ ಕೈ ಹಾಕಿದರೆ ಬೇಕಾದುದೇ ಬೆರಳಿಗೆ ಸಿಗುತ್ತದೆ. ಅವರಿಗೆ ಈ ಉಪದೇಶವೇಕೆ? ಆಕ್ಷೇಪದಲ್ಲಿ ಸತ್ಯವಿದೆ, ಅದನ್ನು ಮರೆಮಾಚಬೇಕಾಗಿಲ್ಲ. ಅವರ ವ್ಯವಸ್ಥೆ ಪೆಟ್ಟಿಗೆಯಲ್ಲಿಲ್ಲ, ತಲೆಯಲ್ಲಿದೆ. ಆದರೆ ತಲೆಯೊಳಗಿನ ವ್ಯವಸ್ಥೆಯು ಅವರೊಬ್ಬರ ಆಸ್ತಿ. ಅವರು ಜ್ವರದಿಂದ ಮಲಗಿದ ದಿನ ಆ ಚೀಲವು ಶಿಷ್ಯನಿಗೆ ಕಬ್ಬಿಣದ ಮೂಟೆ ಮಾತ್ರ. ಅವರು ಲೋಕ ಬಿಟ್ಟ ದಿನ ಗುಜರಿಯವನಿಗೆ ತೂಕದ ಸರಕು. ಹೊರಗೆ ಕಾಣುವ ವ್ಯವಸ್ಥೆಯಾದರೋ ಎಲ್ಲರಿಗೂ ತೆರೆದಿಟ್ಟ ಗ್ರಂಥ. ವಿಮಾನಗಳನ್ನು ರಿಪೇರಿ ಮಾಡುವ ಕಡೆಗಳಲ್ಲಿ ಪ್ರತಿ ಉಪಕರಣದ ಆಕಾರಕ್ಕೆ ತಕ್ಕಂತೆ ಕೊರೆದ ಗುಳಿಗಳಲ್ಲಿ ಸಾಮಾನುಗಳನ್ನು ಇರಿಸುವ ಪದ್ಧತಿಯಿದೆ. ಕೆಲಸ ಮುಗಿದ ಮೇಲೆ ಒಂದು ಗುಳಿ ಬರಿದಾಗಿದ್ದರೂ ಉಪಕರಣ ಸಿಗುವವರೆಗೆ ವಿಮಾನವನ್ನು ಹಾರಲು ಬಿಡುವುದಿಲ್ಲ. ಎಂಜಿನ್ನಿನೊಳಗೆ ಮರೆತ ಒಂದು ಸ್ಕ್ರೂಡ್ರೈವರು ನೂರಾರು ಜೀವಗಳಿಗೆ ಎರವಾಗಬಲ್ಲುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿಯೂ ಹೀಗೆಯೇ. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ಶಸ್ತ್ರಚಿಕಿತ್ಸಾ ಸುರಕ್ಷತೆಯ ಪಟ್ಟಿಯಲ್ಲಿ, ರೋಗಿಯನ್ನು ಹೊರಗೆ ಕಳಿಸುವ ಮುನ್ನ ಉಪಕರಣಗಳ ಎಣಿಕೆ ಸರಿಯಿದೆಯೆಂದು ಬಾಯಿಬಿಟ್ಟು ಹೇಳಬೇಕೆಂಬ ನಿಯಮವಿದೆ. ಶ್ರೇಷ್ಠನಾದ ವೈದ್ಯನಿಗೂ ಇದರಿಂದ ವಿನಾಯಿತಿಯಿಲ್ಲ. ಜಾಣ್ಮೆಯು ತನ್ನನ್ನು ನಂಬುತ್ತದೆ. ಅಂತಃಕರಣವು ತಾನೂ ಮರೆಯಬಹುದೆಂದು ಅರಿತು ನಡೆಯುತ್ತದೆ.

ಕೃಷ್ಣರಾಜಪೇಟೆಯ ಬಳಿಯ ಹೊಸಹೊಳಲಿನ ದೇಗುಲದಲ್ಲಿ ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಕಡೆದ ಕಂಬಗಳನ್ನೂ, ಭಿತ್ತಿಯ ಪಟ್ಟಿಕೆಗಳನ್ನೂ ಕಂಡವರಿಗೆ ಈ ಮಾತು ಮನದಟ್ಟಾಗುತ್ತದೆ. ಅಲ್ಲಿ ಒಬ್ಬನ ಕೈ ನಿಂತಲ್ಲಿ ಇನ್ನೊಬ್ಬನ ಕೈ ಮುಂದುವರಿದಿದೆ. ನಾಗಮಂಗಲದಲ್ಲಿ ಹಿತ್ತಾಳೆ ಪಂಚಲೋಹಗಳ ಕೆಲಸವು ತಲೆಮಾರುಗಳಿಂದ ನಡೆದು ಬಂದುದೂ ತಂದೆಯ ಉಳಿ ಮಗನ ಕೈಗೆ ಹದ ಕೆಡದೆ ಬಂದುದರಿಂದಲೇ. ಒಂದೇ ಕೈಗೆ ತಿಳಿದ ಗುಟ್ಟಿನಿಂದ ದೇಗುಲ ಏಳುವುದಿಲ್ಲ, ಪರಂಪರೆಯೂ ನಿಲ್ಲುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತಲೂ ಮುಳ್ಳಿನದು. ಪೆಟ್ಟಿಗೆಯನ್ನು ಒಪ್ಪಗೊಳಿಸುವವರು ಯಾರು? ಎಷ್ಟೋ ಕಡೆ ಯಜಮಾನನು ಕೆಲಸ ಮುಗಿಸಿ, ಸಾಮಾನುಗಳನ್ನು ನೆಲದ ಮೇಲೆ ಚೆಲ್ಲಿ, ಚಹಾಕ್ಕೆ ಎದ್ದು ಹೋಗುತ್ತಾನೆ. ಹಿಂದೆಯೇ ಒಬ್ಬ ಹುಡುಗ ಕುಕ್ಕುರುಗಾಲಿನಲ್ಲಿ ಕುಳಿತು ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ ಜೋಡಿಸುತ್ತಾನೆ. ಬಾಲಕಾರ್ಮಿಕರ ವಿಷಯವಾಗಿ 1986ರಲ್ಲಿ ಕಾಯಿದೆ ಬಂದಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವುದೇ ಅಪರಾಧ. ಕಾಯಿದೆಯ ಮಾತು ಹಾಗಿರಲಿ. ಹುಡುಗನಿಗೆ ಹದಿನೆಂಟು ತುಂಬಿದ್ದರೂ ಧರ್ಮದ ಪ್ರಶ್ನೆ ಉಳಿದೇ ಉಳಿಯುತ್ತದೆ. ತನ್ನ ಕೈ ಕೆದರಿದುದನ್ನು ಇನ್ನೊಬ್ಬನ ಕೈ ಸರಿಪಡಿಸಲಿ ಎನ್ನುವ ಪೆಟ್ಟಿಗೆಯು ಹೊಳೆಯಬಹುದು, ಆದರೆ ಅದರ ಹೊಳಪು ಅದರ ಒಡೆಯನದಲ್ಲ. ಇಷ್ಟಲಿಂಗದ ಅರ್ಚನೆಯನ್ನು ಬೇರೊಬ್ಬರ ಕೈಯಿಂದ ಮಾಡಿಸುವುದು ಶರಣಧರ್ಮಕ್ಕೆ ಸಮ್ಮತವಲ್ಲ. ಅಂಗೈಯ ಲಿಂಗಕ್ಕೆ ತನ್ನ ಕೈಯೇ ಪೂಜಾರಿ. ಕಾಯಕವೂ ಪೂಜೆಯೇ ಎಂದು ಒಪ್ಪಿದ ಮೇಲೆ, ಕಾಯಕದ ಕೊನೆಯ ಅಂಗವಾದ ಎತ್ತಿಡುವ ಕೆಲಸವನ್ನು ಮಾತ್ರ ಅನ್ಯರಿಗೆ ಬಿಡುವುದು ಯಾವ ನ್ಯಾಯ? ಬಿಚ್ಚಿದವನೇ ಕಟ್ಟಬೇಕು, ತೆಗೆದವನೇ ಇಡಬೇಕು. ಕಲಿಯಲು ಬಂದ ಯುವಕನಿಗೆ ಗುರುವು ಎಂಜಿನ್ನಿನ ಮರ್ಮವನ್ನು ಕಲಿಸುವ ಮುನ್ನ, ತಾನೇ ಬಾಗಿ ತನ್ನ ಸ್ಪ್ಯಾನರನ್ನು ಒರೆಸಿ ಇಡುವುದನ್ನು ಆ ಯುವಕನು ನೋಡಲಿ. ಆ ನೋಟಕ್ಕಿಂತ ಮಿಗಿಲಾದ ದೀಕ್ಷೆಯಿಲ್ಲ.

ವ್ಯವಸ್ಥೆಗೆ ಮಿತಿಯೂ ಇದೆ. ತನ್ನ ಪೆಟ್ಟಿಗೆಯ ಸಾಲು ಕೆಟ್ಟೀತೆಂದು ಪಕ್ಕದ ಅಂಗಡಿಯವನಿಗೆ ಒಂದು ಗಳಿಗೆ ಸುತ್ತಿಗೆ ಕೊಡದವರನ್ನು ನಾವು ಕಂಡಿದ್ದೇವೆ. ಅವರ ಪೆಟ್ಟಿಗೆಯಲ್ಲಿ ಒಪ್ಪವಿದೆ, ದಾಸೋಹವಿಲ್ಲ. ಕೊಟ್ಟರೆ ಮರಳಿ ಬಾರದೆಂಬ ಅವರ ಭಯವೂ ಸುಳ್ಳಲ್ಲ. ಎರವಲು ತಂದ ಸ್ಪ್ಯಾನರನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಕೇಳಿದಾಗ ಮುನಿಯುವವರೇ ಆ ಭಯಕ್ಕೆ ತಾಯಿತಂದೆಗಳು. ಕೊಡುವವನ ಔದಾರ್ಯವನ್ನು ಉಳಿಸುವವನು ಹಿಂದಿರುಗಿಸುವವನೇ. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವು ಈ ಮಿತಿಯನ್ನು ಇನ್ನೂ ಆಳವಾಗಿ ತೋರಿಸುತ್ತದೆ. ಹಗ್ಗ ಹೊಸೆಯಲು ಕೆರೆಯಲ್ಲಿ ಹುಲ್ಲು ಕೊಯ್ಯುತ್ತಿದ್ದಾಗ ಅವನ ಇಷ್ಟಲಿಂಗವು ಜಾರಿ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವನ್ನೇ ಕಾಯಕಕ್ಕಿಂತ ಮೇಲಲ್ಲವೆಂದ ಪರಂಪರೆಯಲ್ಲಿ ಪೆಟ್ಟಿಗೆಯ ಒಪ್ಪವನ್ನು ಕಾಯಕಕ್ಕಿಂತ ಮೇಲಿಡಲಾದೀತೇ? ಕಬ್ಬಿನ ಟ್ರೈಲರು ಮಗುಚಿ ಅದರಡಿಯಲ್ಲಿ ಒಬ್ಬನು ಸಿಕ್ಕಿಕೊಂಡಾಗ, ಸಾಮಾನುಗಳನ್ನೆಲ್ಲ ನೆಲಕ್ಕೆ ಸುರಿದು ಜಾಕನ್ನು ಹೊತ್ತು ಓಡುವವನೇ ಪೆಟ್ಟಿಗೆಯ ಧರ್ಮವನ್ನು ಬಲ್ಲವನು. ಅಂದು ಆ ಜಾಕು ಕೈಗೆ ಒಡನೆಯೇ ಸಿಕ್ಕಿತೆಂದರೆ ಅದು ಹಿಂದಿನ ಸಂಜೆ ತನ್ನ ಸ್ಥಾನಕ್ಕೆ ಮರಳಿದ್ದುದರಿಂದ ಎಂಬುದನ್ನೂ ಮರೆಯಬಾರದು. ಒಪ್ಪವಿರುವುದು ಬೇಕಾದಾಗ ಅದನ್ನು ಮುರಿಯುವುದಕ್ಕಾಗಿಯೇ.

1610ರಲ್ಲಿ ರಾಜ ಒಡೆಯರು ದಸರೆಯನ್ನು ಆರಂಭಿಸಿದ ಶ್ರೀರಂಗಪಟ್ಟಣದಲ್ಲಿ ಇಂದಿಗೂ, ನಾಡಿನ ಬೇರೆಲ್ಲ ಕಡೆಗಳಂತೆ, ಮಹಾನವಮಿಯಂದು ಕೆಲಸದ ಶೆಡ್ಡುಗಳು ತೊಳೆದು ಶುಭ್ರವಾಗುತ್ತವೆ. ಸ್ಪ್ಯಾನರುಗಳಿಗೆ ವಿಭೂತಿ ಕುಂಕುಮಗಳೂ, ಯಂತ್ರಗಳಿಗೆ ಬಾಳೆಕಂದು ಬೂದುಗುಂಬಳಗಳೂ ಸಲ್ಲುತ್ತವೆ. ಆ ಆಚರಣೆಯನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ದುಡಿಮೆಯ ಸಾಧನಕ್ಕೆ ಕೈಮುಗಿಯುವ ಜನ ಧನ್ಯರು. ಆದರೆ ವರ್ಷದಲ್ಲಿ ಒಂದು ದಿನ ಹೂ ಮುಡಿಸಿ ಮುನ್ನೂರ ಅರವತ್ತನಾಲ್ಕು ದಿನ ಕೆಸರಿನಲ್ಲಿ ಎಸೆಯುವುದು ಪೂಜೆಯೆನಿಸಲಾರದು. ಶರಣರ ಹೆಸರುಗಳನ್ನು ನೋಡಿ: ಬಾಚಿಕಾಯಕದ ಬಸವಯ್ಯನು ತನ್ನ ಬಾಚಿಯಿಂದಲೂ, ಹಡಪದ ಅಪ್ಪಣ್ಣನು ತಾನು ಹೊತ್ತ ಹಡಪದ ಚೀಲದಿಂದಲೂ ಹೆಸರಾದರು. ಉಪಕರಣವು ಅವರಿಗೆ ಹಬ್ಬದ ದಿನದ ದೇವರಾಗಿರಲಿಲ್ಲ, ದಿನದಿನದ ಗುರುತಾಗಿತ್ತು. ನಮ್ಮ ಉಪಕರಣದ ಹೆಸರಿನಿಂದ ನಮ್ಮನ್ನು ಕರೆದರೆ ನಾವು ಹೆಮ್ಮೆಪಡುವೆವೋ ನಾಚುವೆವೋ ಎಂದು ಪ್ರತಿಯೊಬ್ಬರೂ ತಮ್ಮನ್ನು ಕೇಳಿಕೊಳ್ಳಬೇಕು.

ಈ ಮಾತು ಮೆಕ್ಯಾನಿಕ್ಕರಿಗೆ ಮಾತ್ರ ಸಲ್ಲುವುದೆಂದು ತಿಳಿಯಬೇಡಿ. ಗುಮಾಸ್ತನ ಕಡತವೂ, ಉಪಾಧ್ಯಾಯನ ಹಾಜರಿ ಪುಸ್ತಕವೂ, ಗೃಹಿಣಿಯ ಒಲೆಯ ಬದಿಯ ಡಬ್ಬಿಗಳೂ, ಮಠದ ಉಗ್ರಾಣವೂ ಪೆಟ್ಟಿಗೆಗಳೇ. ಕಡತವೊಂದು ಸಿಗದ ಕಾರಣಕ್ಕೆ ವಿಧವಾ ವೇತನಕ್ಕಾಗಿ ಮೂರನೆಯ ಸಲ ಬಸ್ಸಿನ ಚಾರ್ಜು ತೆತ್ತು ತಾಲ್ಲೂಕು ಕೇಂದ್ರಕ್ಕೆ ಬರುವ ಮುದುಕಿಯ ಕಾಲುನೋವಿಗೆ ಒಂದು ಕಪಾಟಿನ ಅವ್ಯವಸ್ಥೆಯೇ ಹೊಣೆ. ಆ ಕಪಾಟಿನ ಒಡೆಯನು ಕ್ರೂರಿಯಲ್ಲ, ಲಂಚಕೋರನೂ ಅಲ್ಲದಿರಬಹುದು. ತೆಗೆದುದನ್ನು ಇಟ್ಟಲ್ಲಿ ಇಡದವನು ಅಷ್ಟೇ. ಲೋಕದಲ್ಲಿ ದುಷ್ಟತನದಿಂದ ಆಗುವ ನೋವಿಗೆ ಹೆಸರಿದೆ, ಶಿಕ್ಷೆಯಿದೆ. ಅಲಕ್ಷ್ಯದಿಂದ ಆಗುವ ನೋವಿಗೆ ಹೆಸರೂ ಇಲ್ಲ, ಶಿಕ್ಷೆಯೂ ಇಲ್ಲ. ಆದುದರಿಂದಲೇ ಅದನ್ನು ಅಂತಃಕರಣವೇ ಕಾಯಬೇಕು.

ಸಂಜೆ ಕೆಲಸ ಮುಗಿಯುತ್ತದೆ. ಕೈಗಳು ದಣಿದಿವೆ, ಮನೆ ಕರೆಯುತ್ತಿದೆ. 'ನಾಳೆ ಎತ್ತಿಟ್ಟರಾಯಿತು' ಎಂದು ಮನಸ್ಸು ಪಿಸುಗುಡುತ್ತದೆ. ಆ ಗಳಿಗೆಯಲ್ಲಿ ಬಾಗಿ, ಎಣ್ಣೆಬಟ್ಟೆಯಿಂದ ಒರೆಸಿ, ಪ್ರತಿಯೊಂದನ್ನೂ ಅದರ ಸ್ಥಾನದಲ್ಲಿ ಮಲಗಿಸಿ, ಬರಿದಾದ ಜಾಗ ಯಾವುದೂ ಇಲ್ಲವೆಂದು ಎಣಿಸಿ ಮುಚ್ಚಳ ಮುಚ್ಚುವವನು ತನಗಾಗಿ ಏನನ್ನೂ ಮಾಡಿಕೊಳ್ಳುತ್ತಿಲ್ಲ. ಇನ್ನೂ ಕರೆಯದ ರೈತನಿಗೆ, ಇನ್ನೂ ನಿಲ್ಲದ ಗಾಣಕ್ಕೆ, ಮುಂದೆಂದೋ ಆ ಪೆಟ್ಟಿಗೆಯನ್ನು ತೆರೆಯಲಿರುವ ಅಪರಿಚಿತ ಕೈಗೆ ಅವನು ಮಾತು ಕೊಡುತ್ತಿದ್ದಾನೆ. ಉಪಕರಣವು ಅಂತಃಕರಣವಾಗುವುದು ಆ ಗಳಿಗೆಯಲ್ಲಿ. ವಾಚಕರೇ, ನಿಮ್ಮ ನಿಮ್ಮ ಪೆಟ್ಟಿಗೆ ಯಾವುದೆಂದು ನೀವೇ ಬಲ್ಲಿರಿ. ಇಂದು ಮಲಗುವ ಮುನ್ನ ಒಮ್ಮೆ ಅದರ ಮುಚ್ಚಳವನ್ನು ತೆರೆದು ನೋಡುವ ಕೃಪೆಮಾಡಬೇಕು.